ಮ್ವೀಲ್‌ರೇ: ಎತ್ತರ ನೋಡಿ ಅಳೆಯಬಾರದ ಬೆಟ್ಟ

ಪ್ರಶ್ನೆ: ನಾವು ಐರ್ಲೆಂಡಿನ ಗಾಲ್ವೆಯಲ್ಲಿ ಕೆಲಸ ಮಾಡುವ ಮೂವರು ಕನ್ನಡಿಗರು. ಊರಿನಲ್ಲಿದ್ದಾಗ ಕುಮಾರಪರ್ವತ, ಮುಳ್ಳಯ್ಯನಗಿರಿ ಎರಡನ್ನೂ ಹತ್ತಿದ್ದೇವೆ. ಈ ಬೇಸಿಗೆಯಲ್ಲಿ ಕ್ರೋಕ್ ಪ್ಯಾಟ್ರಿಕ್ ಹತ್ತಿದೆವು, ಆದರೆ ಅಲ್ಲಿ ಜನ ಬಹಳ. ಅಕ್ಟೋಬರ್ ಕೊನೆಯ ದೀರ್ಘ ವಾರಾಂತ್ಯದಲ್ಲಿ ಅಟ್ಲಾಂಟಿಕ್ ದಡದ ಮ್ವೀಲ್‌ರೇ ಬೆಟ್ಟಕ್ಕೆ ಹೋಗುವ ಆಲೋಚನೆಯಿದೆ. ಎತ್ತರ 814 ಮೀಟರ್ ಮಾತ್ರ ಎಂದು ಓದಿದೆವು. ಡೂಲಾಕ್ ಸರೋವರದ ಕಡೆಯಿಂದ ಏರುವ ‘ರ‍್ಯಾಂಪ್’ ದಾರಿ ಸೊಗಸಾಗಿದೆಯಂತೆ. ಮಾರ್ಗದರ್ಶಕರಿಲ್ಲದೆ ಹೋಗಬಹುದೇ? ಏನೇನು ತಯಾರಿ ಬೇಕು?

ಉತ್ತರ: ಮೊದಲು ನೇರವಾದ ಉತ್ತರವನ್ನೇ ಕೊಡುತ್ತೇನೆ. ಮ್ವೀಲ್‌ರೇ ಬೆಟ್ಟವನ್ನು ನೀವು ಮೂವರೂ ಖಂಡಿತವಾಗಿ ಹತ್ತಬಲ್ಲಿರಿ. ಆದರೆ ಅಕ್ಟೋಬರ್ ಕೊನೆಯಲ್ಲಿ, ಮೊದಲ ಸಲಕ್ಕೇ, ಬೆಟ್ಟ ಬಲ್ಲವರು ಜೊತೆಗಿಲ್ಲದೆ, ರ‍್ಯಾಂಪ್ ದಾರಿಯಿಂದ ಹತ್ತುವುದು ಬೇಡ. ಇವುಗಳಲ್ಲಿ ಒಂದೊಂದೂ ಬಿಡಿಬಿಡಿಯಾಗಿ ನಿಭಾಯಿಸಬಹುದಾದದ್ದೇ. ನಾಲ್ಕೂ ಒಂದೇ ದಿನ ಕೂಡಿಬಂದರೆ ಚಿಕ್ಕದೊಂದು ತಪ್ಪನ್ನು ತಿದ್ದಿಕೊಳ್ಳಲೂ ಅವಕಾಶ ಉಳಿಯುವುದಿಲ್ಲ.

‘814 ಮೀಟರ್ ಮಾತ್ರ’ ಎಂಬ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ಭಾರತದಿಂದ ಬಂದ ಚಾರಣಿಗರು ಈ ಭಾಗದ ಬೆಟ್ಟಗಳ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತಿದ್ದೀರಾದರೆ ಮ್ವೀಲ್‌ರೇಯ ಸುಮಾರು ಎರಡರಷ್ಟು ಏರಿಕೆಯನ್ನು ನಿಮ್ಮ ಕಾಲುಗಳು ಆಗಲೇ ಕಂಡಿವೆ. ದೇಹಬಲದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅಲ್ಲಿ ಸಾವಿರಾರು ಜನ ತುಳಿದು ಸವೆಸಿದ ದಾರಿಯಿದೆ, ನಡುವೆ ಭಟ್ಟರ ಮನೆಯಿದೆ, ದಾರಿ ತಪ್ಪಿತೆಂದು ಅನುಮಾನ ಬಂದರೆ ಕೇಳಲು ಹಿಂದೆ ಮುಂದೆ ಯಾರಾದರೂ ಇರುತ್ತಾರೆ. ನೀವು ಹತ್ತಿದ ಕ್ರೋಕ್ ಪ್ಯಾಟ್ರಿಕ್ 764 ಮೀಟರ್, ಅಂದರೆ ಮ್ವೀಲ್‌ರೇಗಿಂತ 50 ಮೀಟರ್ ಮಾತ್ರ ಕಡಿಮೆ. ಎರಡೂ ಇರುವುದು ಮೇಯೋ ಜಿಲ್ಲೆಯಲ್ಲೇ. ಆದರೂ ಇವೆರಡನ್ನು ಒಂದೇ ಬಗೆಯ ಬೆಟ್ಟಗಳೆನ್ನಲಾಗದು. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು ಹತ್ತುವ ಕ್ರೋಕ್ ಪ್ಯಾಟ್ರಿಕ್‌ನಲ್ಲಿ, ಎದುರಿಗೆ ಹತ್ತು ಅಡಿ ಕಾಣದಷ್ಟು ಮೋಡ ಕವಿದರೂ, ಕಾಲಡಿಯ ಕಲ್ಲುದಾರಿಯನ್ನು ಹಿಡಿದು ಇಳಿದುಬಿಡಬಹುದು. ಮ್ವೀಲ್‌ರೇಯಲ್ಲಿ ಹಾಗೆ ಹಿಡಿದು ಇಳಿಯಲು ದಾರಿಯೇ ಇಲ್ಲ. ಫಲಕಗಳಿಲ್ಲ, ಗುರುತಿನ ಕಂಬಗಳಿಲ್ಲ. ಅಲ್ಲಲ್ಲಿ ಕಾಣುವ ಸಣ್ಣ ಜಾಡುಗಳಲ್ಲಿ ಬಹುಪಾಲು ಕುರಿಗಳು ಮಾಡಿದವು. ಅವು ಮೇವಿರುವ ಕಡೆಗೆ ಹೋಗುತ್ತವೆಯೇ ಹೊರತು ಶಿಖರಕ್ಕಲ್ಲ, ಕೆಲವು ಬಂಡೆಯ ಅಂಚಿನಲ್ಲಿ ಹೋಗಿ ಮುಗಿದುಬಿಡುತ್ತವೆ. ನೀವು ಬಯಸುವ ನಿರ್ಜನತೆಗೂ ಈ ಅಪಾಯಕ್ಕೂ ಕಾರಣ ಒಂದೇ.

ಹೊರಡುವ ಮೊದಲು ಬೆಟ್ಟದ ಆಕಾರವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಮ್ವೀಲ್‌ರೇ ಎಂಬುದು ಒಂಟಿ ಶಿಖರವಲ್ಲ. ಆಗ್ನೇಯಕ್ಕೆ ಬಾಯಿ ತೆರೆದ ಕುದುರೆಲಾಳದಂತಹ ಒಂದು ಏಣು, ಅಂದರೆ ಬೆಟ್ಟದ ಉದ್ದನೆಯ ನೆತ್ತಿ. ಲಾಳದ ನೈಋತ್ಯ ತೋಳಿನಲ್ಲಿ 814 ಮೀಟರಿನ ಮುಖ್ಯ ಶಿಖರವಿದೆ. ಕಾನಾಕ್ಟ್ ಪ್ರಾಂತ್ಯದಲ್ಲೇ ಅತಿ ಎತ್ತರದ ಜಾಗ ಅದು. ಲಾಳ ಬಾಗುವಲ್ಲಿ 795 ಮೀಟರಿನ ಬೆನ್‌ಬೆರಿ, ಈಶಾನ್ಯ ತೋಳಿನಲ್ಲಿ 803 ಮೀಟರಿನ ಬೆನ್‌ಲಗ್‌ಮೋರ್ ಇವೆ. ಬೆನ್‌ಲಗ್‌ಮೋರ್‌ನ ಹೊರಮೈ ಡೂಲಾಕ್ ಸರೋವರದ ಕಡೆಗೆ ಗೋಡೆಯಂತೆ ಇಳಿಯುತ್ತದೆ. ದಕ್ಷಿಣದಲ್ಲಿ ಸುಮಾರು 16 ಕಿಲೋಮೀಟರ್ ಒಳನಾಡಿಗೆ ನುಗ್ಗಿರುವ ಕಿಲ್ಲರಿ ಎಂಬ ಕಡಲ ಚಾಚು ಇದೆ. ಪಶ್ಚಿಮದಲ್ಲಿ ಮರಳ ತೀರಗಳು, ಅದರಾಚೆ ತೆರೆದ ಅಟ್ಲಾಂಟಿಕ್. ಕಲ್ಲು ಆರ್ಡೊವಿಶಿಯನ್ ಕಾಲದ ಮರಳುಗಲ್ಲು, ಅಂದರೆ ನಲವತ್ತೈದು ಕೋಟಿ ವರ್ಷಗಳಿಗೂ ಹಳೆಯದು. ಅದನ್ನು ಈಗಿನ ಆಕಾರಕ್ಕೆ ಕೆತ್ತಿದ್ದು ಹಿಮಯುಗದ ಹಿಮನದಿಗಳು. ಬೆಟ್ಟದ ಮೈಯಲ್ಲಿ ಹಿಮ ಕೊರೆದ ಬಟ್ಟಲಿನಂಥ ಕಮರಿಗಳಿರುವುದರಿಂದ, ಏಣಿನ ಮೇಲೆ ಒಂದು ಬದಿಯಲ್ಲಿ ನಿರಾತಂಕವಾಗಿ ನಡೆಯುವ ಹುಲ್ಲು ಇಳಿಜಾರಿದ್ದರೆ ಅದರ ಬೆನ್ನಿಗೇ ಇನ್ನೊಂದು ಬದಿಯಲ್ಲಿ ಕಡಿದಾದ ಪ್ರಪಾತವಿರುತ್ತದೆ. ಮುಖ್ಯ ಶಿಖರದ ಪೂರ್ವಕ್ಕೂ ಇಂಥದೇ ಪ್ರಪಾತವಿದೆ. ಮೋಡದಲ್ಲಿ ಶಿಖರ ತಲುಪಿದ ಸಂತೋಷಕ್ಕೆ ಫೋಟೋಗಾಗಿ ಹಿಂದೆ ಹಿಂದೆ ಸರಿಯುವವರು ಇದನ್ನು ಮರೆಯಬಾರದು.

ಈಗ ರ‍್ಯಾಂಪ್ ವಿಷಯ. ಡೂಲಾಕ್‌ನ ಉತ್ತರದ ತುದಿಯಿಂದ ಹೊರಟು ಜೌಗು ಬಯಲನ್ನು ದಾಟಿದರೆ ಬೆನ್‌ಲಗ್‌ಮೋರ್‌ನ ಬುಡದ ಕಮರಿಯೊಳಗೆ ಬರುತ್ತೀರಿ. ಕಣ್ಣೆದುರಿನ ಬಂಡೆಗೋಡೆಯ ಮೇಲೆ ಓರೆಯಾಗಿ ಎಳೆದ ಗೆರೆಯಂತೆ ಕಾಣುವ ಹುಲ್ಲು ಮತ್ತು ಸಡಿಲ ಕಲ್ಲಿನ ಪಟ್ಟಿಯೇ ರ‍್ಯಾಂಪ್. ಅದು ಬೆನ್‌ಬೆರಿ ಮತ್ತು ಬೆನ್‌ಲಗ್‌ಮೋರ್‌ಗಳ ನಡುವೆ ಏಣನ್ನು ಮುಟ್ಟುತ್ತದೆ. ಒಣ ದಿನದಲ್ಲಿ, ಮೇಲಿನವರೆಗೂ ಕಣ್ಣಿಗೆ ಕಾಣುತ್ತಿರುವಾಗ, ಅಭ್ಯಾಸವಿದ್ದವರಿಗೆ ಅದು ನಿಜಕ್ಕೂ ಅಪೂರ್ವವಾದ ದಾರಿ, ಹಗ್ಗ ಬೇಕಾಗುವುದಿಲ್ಲ. ಕಷ್ಟವಿರುವುದು ಬೇರೆ ಕಡೆ. ಮಳೆಯಲ್ಲಿ ನೆನೆದ ಹುಲ್ಲಿನ ಇಳಿಜಾರು ಬಂಡೆಗಿಂತ ಹೆಚ್ಚು ಜಾರುತ್ತದೆ. ಬಂಡೆಯ ಮೇಲಾದರೆ ಹಿಡಿತ ತಪ್ಪಿತೆಂದು ಕೂಡಲೇ ಗೊತ್ತಾಗುತ್ತದೆ, ಹುಲ್ಲಿನಲ್ಲಿ ಒಮ್ಮೆ ಜಾರಿದರೆ ನಿಲ್ಲಿಸಿಕೊಳ್ಳಲು ಏನೂ ಸಿಗುವುದಿಲ್ಲ. ಇನ್ನೊಂದು, ಇದೇ ದಾರಿಯಲ್ಲಿ ಇಳಿಯುವುದು. ಕೆಳಗಿನಿಂದ ನೋಡಿದಾಗ ಸ್ಪಷ್ಟವಾಗಿ ಕಾಣುವ ಪಟ್ಟಿಯ ಬಾಯಿ ಮೇಲಿನಿಂದ ನೋಡಿದಾಗ ಏಣಿನ ಅಂಚಿನ ಇತರ ಹತ್ತು ತಗ್ಗುಗಳಂತೆಯೇ ಕಾಣುತ್ತದೆ. ತಪ್ಪು ತಗ್ಗಿನಲ್ಲಿ ಇಳಿಯತೊಡಗಿದರೆ ಆರಂಭದ ಇಪ್ಪತ್ತು ಮೂವತ್ತು ಮೀಟರ್ ಸಲೀಸಾಗಿಯೇ ಇರುತ್ತದೆ, ಆಮೇಲೆ ಕಾಲಡಿಯಲ್ಲಿ ಬಂಡೆ ಕಡಿದುಹೋಗಿರುತ್ತದೆ. ಆ ಹೊತ್ತಿಗೆ ಮೇಲೆ ಮರಳಿ ಹತ್ತುವ ಮನಸ್ಸೂ ಇರುವುದಿಲ್ಲ, ಬೆಳಕೂ ಉಳಿದಿರುವುದಿಲ್ಲ. ಆದ್ದರಿಂದ ರ‍್ಯಾಂಪನ್ನು ಹತ್ತುವ ದಾರಿಯಾಗಿ ಮಾತ್ರ ಲೆಕ್ಕಕ್ಕಿಟ್ಟು, ಇಳಿಯುವ ದಾರಿಯನ್ನು ಬೇರೆಯಾಗಿಯೇ ನಿಶ್ಚಯಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನಿಮಗೆ ನಾನು ಸೂಚಿಸುವುದು ಪಶ್ಚಿಮದ ದಾರಿಯನ್ನು. ಲೂಯಿಸ್‌ಬರ್ಗ್ ಎಂಬ ಊರಿನಿಂದ ಕಡಲ ಕಡೆಗೆ ಬಂದು, ಸಿಲ್ವರ್ ಸ್ಟ್ರ್ಯಾಂಡ್ ಎಂಬ ಮರಳ ತೀರದ ಆಸುಪಾಸಿನಿಂದ ಪೂರ್ವಕ್ಕೆ ಏರುವ ದಾರಿ ಅದು. ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ಹೊರಡುವುದರಿಂದ 814 ಮೀಟರಿನಲ್ಲಿ ಒಂದು ಮೀಟರೂ ರಿಯಾಯಿತಿ ಸಿಗದು. ಮೊದಲ ಭಾಗದ ಜೌಗು ಬೇಸರ ತರಿಸುತ್ತದೆ, ನಿಜ. ಆದರೆ ಇಳಿಜಾರು ಅಗಲವಾಗಿದೆ, ಬಂಡೆಗೋಡೆಗಳು ಈ ಬದಿಯಲ್ಲಿಲ್ಲ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿದ ದಾರಿಯಲ್ಲೇ ಇಳಿಯಬಹುದು. ಹವೆ ಕೆಟ್ಟರೆ ಯಾವ ಹಂತದಲ್ಲಿ ಬೇಕಾದರೂ ಕಡಲಿಗೆ ಮುಖಮಾಡಿ ಹಿಂದಿರುಗಬಹುದಾದ ದಾರಿ ಇದೊಂದೇ. ನೋಟದ ವಿಷಯದಲ್ಲೂ ಇದು ಕಡಿಮೆಯೇನಲ್ಲ. ಏರುತ್ತ ಏರುತ್ತ ಬೆನ್ನ ಹಿಂದೆ ಇನಿಶ್‌ಟರ್ಕ್, ಕ್ಲೇರ್, ಇನಿಶ್‌ಬಾಫಿನ್ ದ್ವೀಪಗಳು ಒಂದೊಂದಾಗಿ ಮೇಲೇಳುತ್ತವೆ. ಶಿಖರದಲ್ಲಿ ನಿಂತರೆ ದಕ್ಷಿಣಕ್ಕೆ ಕಿಲ್ಲರಿಯ ನೀರು, ಅದರಾಚೆ ಕಾನಮಾರ ಪ್ರದೇಶದ ‘ಹನ್ನೆರಡು ಬೆನ್‌ಗಳು’ ಎಂಬ ಬೆಟ್ಟಸಾಲು ಕಾಣುತ್ತದೆ.

ಹವೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸಹ್ಯಾದ್ರಿಗೂ ಈ ಬೆಟ್ಟಗಳಿಗೂ ಮಳೆ ಬೀಳುವ ಕ್ರಮ ಒಂದೇ: ಕಡಲಿನಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣಿಯುತ್ತದೆ, ಮಳೆಯಾಗುತ್ತದೆ. ಆದರೆ ಅಲ್ಲಿ ಮುಂಗಾರು ಮುಗಿದ ಮೇಲೆ ಚಾರಣದ ಕಾಲ ಆರಂಭವಾಗುತ್ತದೆ. ಇಲ್ಲಿ ಪಡುವಣ ಗಾಳಿಗೆ ಋತುವೆಂಬುದಿಲ್ಲ, ವರ್ಷದ ಯಾವ ವಾರದಲ್ಲಾದರೂ ಮಳೆ ಬರುತ್ತದೆ. ಪಶ್ಚಿಮದ ಈ ಬೆಟ್ಟಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಆಗುಂಬೆಯ ಮುಂದೆ ಆ ಅಂಕಿ ಚಿಕ್ಕದೇ. ಆದರೆ ಆಗುಂಬೆಯ ಮಳೆ ಬೆಚ್ಚಗಿನದು. ಇಲ್ಲಿ ಬುಡದಲ್ಲಿ 10 ಡಿಗ್ರಿ ಇದ್ದರೆ ಶಿಖರದಲ್ಲಿ 5 ಡಿಗ್ರಿ ಇರುತ್ತದೆ. ಅದಕ್ಕೆ ಗಾಳಿ ಸೇರಿದರೆ, ಬಟ್ಟೆ ನೆನೆದಿದ್ದರೆ, ಮೈ ತಾನು ಹುಟ್ಟಿಸುವುದಕ್ಕಿಂತ ಬೇಗ ಶಾಖವನ್ನು ಕಳೆದುಕೊಳ್ಳತೊಡಗುತ್ತದೆ. ಹಿಮ ಬೀಳುವಷ್ಟು ಚಳಿ ಇಲ್ಲದ ದಿನವೂ ಮೈಯ ಉಷ್ಣತೆ ಅಪಾಯಕರವಾಗಿ ಇಳಿಯಬಹುದು ಎಂಬುದನ್ನು ಬಿಸಿಲು ನಾಡಿನಿಂದ ಬಂದ ನಾವು ಸುಲಭವಾಗಿ ನಂಬುವುದಿಲ್ಲ. ಜೊತೆಗಾರರೊಬ್ಬರು ಮಾತು ಕಡಿಮೆ ಮಾಡಿ, ಪದೇ ಪದೇ ಎಡವುತ್ತ, ಜಾಕೆಟ್ಟಿನ ಜಿಪ್ಪು ಎಳೆಯಲೂ ಬೆರಳು ಮಾತು ಕೇಳದೆ ತಡಕಾಡುತ್ತಿದ್ದರೆ, ಅದು ಬರೀ ಆಯಾಸವಲ್ಲ. ಅಲ್ಲಿಯೇ ಗಾಳಿಗೆ ಮರೆಯಾಗಿ ಕೂರಿಸಿ, ಒಣಬಟ್ಟೆ ತೊಡಿಸಿ, ಸಿಹಿಯಾದದ್ದೇನನ್ನಾದರೂ ತಿನ್ನಿಸಿ, ಶಿಖರದ ಆಸೆ ಬಿಟ್ಟು ಇಳಿಯಬೇಕು.

ಈ ಕಾರಣಕ್ಕೆ ಜೀನ್ಸ್ ಪ್ಯಾಂಟನ್ನೂ ಹತ್ತಿಯ ಅಂಗಿಯನ್ನೂ ಮನೆಯಲ್ಲೇ ಬಿಡಿ. ಹತ್ತಿ ಒಮ್ಮೆ ನೆನೆದರೆ ಆ ದಿನ ಒಣಗುವುದಿಲ್ಲ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಬನಿಯನ್, ಅದರ ಮೇಲೊಂದು ಫ್ಲೀಸ್, ನೀರು ಒಳಗಿಳಿಯದ ಜಾಕೆಟ್, ಅಂಥದ್ದೇ ಪ್ಯಾಂಟು, ಟೋಪಿ, ಎರಡು ಜೊತೆ ಕೈಗವಸು, ಪಾದದ ಗಂಟು ಮುಚ್ಚುವ ಬೂಟು. ಚೀಲದೊಳಗೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿಟ್ಟ ಒಂದು ಒಣ ಸ್ವೆಟರ್ ಇರಲಿ. ಊಟಕ್ಕೆ ಡಬ್ಬಿ ಬಿಚ್ಚಿ ಕೂರುವ ಅವಕಾಶ ಬಹುಮಟ್ಟಿಗೆ ಸಿಗುವುದಿಲ್ಲ. ನಿಂತಲ್ಲೇ, ಕೈಗವಸಿನ ಕೈಯಲ್ಲೇ ತಿನ್ನಬಹುದಾದ ಸುರುಳಿ ಚಪಾತಿ, ಕಡಲೆ ಚಿಕ್ಕಿ, ಖರ್ಜೂರ ಒಳ್ಳೆಯವು. ಫ್ಲಾಸ್ಕಿನಲ್ಲಿ ಬಿಸಿ ಸಾರು ಒಯ್ಯುವ ಅಭ್ಯಾಸ ನನಗಿದೆ, ಶಿಖರದ ಗಾಳಿಯಲ್ಲಿ ಅದು ಚಹಾಕ್ಕಿಂತ ಹೆಚ್ಚು ಆಧಾರ ಕೊಡುತ್ತದೆ.

ನಿಮ್ಮ ದಿನಾಂಕದಲ್ಲಿ ಇನ್ನೊಂದು ತೊಡಕಿದೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಿಮ್ಮ ದೀರ್ಘ ವಾರಾಂತ್ಯ ಅದೇ. ಶನಿವಾರ ಸಂಜೆ ಆರೂಕಾಲರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ ಐದೂಕಾಲಕ್ಕೇ ಮುಳುಗುತ್ತಾನೆ. ಬೆಳಿಗ್ಗೆ ಒಂದು ಗಂಟೆ ಬೇಗ ಬೆಳಕಾಗುವುದರಿಂದ ಹಗಲಿನ ಉದ್ದ ಬದಲಾಗುವುದಿಲ್ಲ, ಆದರೆ ರಜೆಯ ದಿನ ತಡವಾಗಿ ಎದ್ದು ಹನ್ನೊಂದಕ್ಕೆ ಹೊರಡುವವರಿಗೆ ಆ ಗಂಟೆ ಸಿಗದೆ ಹೋಗುತ್ತದೆ. ಹತ್ತಿರ ಹತ್ತಿರ 17 ಗಂಟೆ ಹಗಲಿರುವ ಜೂನ್ ತಿಂಗಳಲ್ಲಿ ಮಾಡಬಹುದಾದ ಔದಾಸೀನ್ಯವನ್ನು ಈಗ ಮಾಡುವಂತಿಲ್ಲ. ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ: ನಡೆಯುವ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆ ಸೂತ್ರ ಗಟ್ಟಿ ನೆಲಕ್ಕೆ ಸರಿ. ಜೌಗು ನೆಲಕ್ಕೆ ನಾನು ಅದರ ಮೇಲೆ ಅರ್ಧದಷ್ಟು ಸೇರಿಸುತ್ತೇನೆ. ಲಾಳದ ಸುತ್ತು ಪೂರ್ತಿ ಹೋಗಬೇಕೆಂದರೆ ಏಳೆಂಟು ಗಂಟೆ ಹಿಡಿಯುತ್ತದೆ. ಪಶ್ಚಿಮದಿಂದ ಹೋಗಿಬರಲು ಐದಾರು ಗಂಟೆ ಇಟ್ಟುಕೊಳ್ಳಿ. ಎಲ್ಲೇ ಇರಿ, ಮಧ್ಯಾಹ್ನ ಒಂದಕ್ಕೆ ಶಿಖರ ಮುಟ್ಟಿರದಿದ್ದರೆ ಹಿಂದಿರುಗಬೇಕು ಎಂಬ ಒಪ್ಪಂದವನ್ನು ಮೂವರೂ ಕಾರಿನ ಬಳಿಯೇ ಮಾಡಿಕೊಳ್ಳಿ, ಏಕೆಂದರೆ ಶಿಖರ ಕಣ್ಣಿಗೆ ಕಾಣತೊಡಗಿದ ಮೇಲೆ ಅಂಥ ಮಾತನ್ನು ಯಾರೂ ಕೇಳುವುದಿಲ್ಲ. ತಲೆಗೆ ಕಟ್ಟುವ ಟಾರ್ಚು ಒಬ್ಬೊಬ್ಬರ ಬಳಿಯೂ ಇರಲಿ. ಮೊಬೈಲಿನ ಬೆಳಕು ಅದಕ್ಕೆ ಬದಲಿಯಲ್ಲ.

ಜೌಗು ನೆಲದಲ್ಲಿ ನಡೆಯುವುದೂ ಒಂದು ಕಲಿಕೆ. ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಕೂಡಿಕೊಂಡ ಸಸ್ಯರಾಶಿಯ ಕಪ್ಪು ಮಣ್ಣು ಅದು. ಇಲ್ಲಿನವರು ಅದನ್ನೇ ಇಟ್ಟಿಗೆಯಷ್ಟು ದೊಡ್ಡದಾಗಿ ಕತ್ತರಿಸಿ ಒಣಗಿಸಿ ಒಲೆಗೆ ಉರುವಲು ಮಾಡಿಕೊಳ್ಳುತ್ತಿದ್ದರು. ನೆಲದ ಬಣ್ಣವನ್ನು ನೋಡಿ ಹೆಜ್ಜೆಯಿಡಿ. ಕಂದು ಬಣ್ಣದ, ಮೊಣಕಾಲೆತ್ತರದ ಹೀದರ್ ಪೊದೆ ಬೆಳೆದ ಜಾಗ ಸಾಮಾನ್ಯವಾಗಿ ಗಟ್ಟಿ. ಕಣ್ಣಿಗೆ ಹಿತವಾದ ಎಳೆಹಸಿರಿನ ಪಾಚಿ ಹಾಸಿದಂತಿರುವ ಜಾಗದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತದೆ. ಅದನ್ನು ಬಳಸಿಕೊಂಡು ಹೋಗಿ. ಹುಲ್ಲು ಗುಪ್ಪೆಗುಪ್ಪೆಯಾಗಿ ಬೆಳೆದ ಕಡೆ ಗುಪ್ಪೆಯ ನೆತ್ತಿಯ ಮೇಲೆ ಹೆಜ್ಜೆಯಿಟ್ಟರೆ ಅದು ಪಕ್ಕಕ್ಕೆ ವಾಲಿ ಪಾದದ ಗಂಟು ಉಳುಕುತ್ತದೆ. ಎರಡು ಗುಪ್ಪೆಗಳ ನಡುವೆ ಕಾಲಿಡುವುದು ನಿಧಾನವಾದರೂ ಕ್ಷೇಮ. ಚಾರಣದ ಕೋಲೊಂದಿದ್ದರೆ ಮುಂದಿನ ಹೆಜ್ಜೆಯ ಆಳವನ್ನು ಅದರಿಂದಲೇ ನೋಡಬಹುದು. ಬೆಳಿಗ್ಗೆ ಸುಲಭವಾಗಿ ದಾಟಿದ ತೊರೆ ಎರಡು ಗಂಟೆ ಜೋರು ಮಳೆಯಾದರೆ ಸಂಜೆ ದಾಟಲಾಗದಷ್ಟು ಉಬ್ಬಿರುತ್ತದೆ, ಇದನ್ನೂ ಲೆಕ್ಕದಲ್ಲಿಡಿ. ಇಂಬಳಗಳ ಕಾಟವಿಲ್ಲ, ಹಾವುಗಳೂ ಇಲ್ಲ. ಆದರೆ ಉಣ್ಣಿಗಳಿವೆ, ಅವುಗಳಿಂದ ಲೈಮ್ ಕಾಯಿಲೆ ಬರಬಹುದು. ರಾತ್ರಿ ಸ್ನಾನ ಮಾಡುವಾಗ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ.

ದಾರಿ ಹುಡುಕುವುದಕ್ಕೆ ಮೊಬೈಲೊಂದನ್ನೇ ನಂಬಬೇಡಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಬೆಟ್ಟದ ಬಹುಭಾಗದಲ್ಲಿ ಸಿಗ್ನಲ್ ಖಚಿತವಲ್ಲ. ಐರ್ಲೆಂಡಿನ ಸರ್ಕಾರಿ ಭೂಮಾಪನ ಇಲಾಖೆಯ ಡಿಸ್ಕವರಿ ಸರಣಿಯ 37ನೆಯ ನಕ್ಷೆಯಲ್ಲಿ ಈ ಬೆಟ್ಟವಿದೆ. ಅದನ್ನೂ ಒಂದು ದಿಕ್ಸೂಚಿಯನ್ನೂ ಕೊಂಡು, ಹೋಗುವ ಮೊದಲು ಗಾಲ್ವೆಯ ಯಾವುದಾದರೂ ಬಯಲಿನಲ್ಲಿ ಅಭ್ಯಾಸ ಮಾಡಿ. 100 ಮೀಟರ್ ನಡೆಯಲು ನಿಮ್ಮ ಬಲಗಾಲು ಎಷ್ಟು ಸಲ ನೆಲಕ್ಕೆ ಬೀಳುತ್ತದೆಂದು ಎಣಿಸಿಕೊಳ್ಳಿ. ಸಮತಟ್ಟು ನೆಲದಲ್ಲಿ ಹೆಚ್ಚಿನವರಿಗೆ ಅರವತ್ತರಿಂದ ಎಪ್ಪತ್ತರ ಒಳಗೆ ಬರುತ್ತದೆ. ಏರಿನಲ್ಲಿ ಅದು ಎಷ್ಟಾಗುತ್ತದೆಂಬುದನ್ನೂ ನೋಡಿಕೊಳ್ಳಿ. ಶಿಖರದಲ್ಲಿ ಮೋಡ ಕವಿದಾಗ ದಿಕ್ಸೂಚಿ ಯಾವ ಕಡೆಗೆ ನಡೆಯಬೇಕೆಂದು ಹೇಳುತ್ತದೆ, ಎಷ್ಟು ದೂರ ಬಂದಿದ್ದೇವೆಂದು ಹೇಳುವುದು ಈ ಎಣಿಕೆ. ಮೋಡದಲ್ಲಿ ಮೂವರ ಅಂದಾಜು ಮೂರು ಬಗೆಯಾಗುತ್ತದೆ. ಆಗ ಬಹುಮತಕ್ಕೆ ಕಿವಿಗೊಡದೆ ಮುಳ್ಳು ತೋರಿಸಿದ್ದನ್ನು ನಂಬಬೇಕು.

ಇಲ್ಲಿನ ಬೆಟ್ಟದ ನೆಲ ಬಹುಪಾಲು ರೈತರದ್ದು. ಕುರಿ ಮೇಯಿಸುವ ಖಾಸಗಿ ಅಥವಾ ಹಂಚಿಕೆಯ ಹುಲ್ಲುಗಾವಲು. ಸ್ಕಾಟ್ಲೆಂಡಿನಲ್ಲಿರುವಂತೆ ಎಲ್ಲೆಂದರಲ್ಲಿ ನಡೆಯುವ ಹಕ್ಕು ಐರ್ಲೆಂಡಿನ ಕಾನೂನಿನಲ್ಲಿಲ್ಲ. ರೈತರ ಸೌಜನ್ಯದಿಂದ ಮಾತ್ರ ನಾವು ನಡೆಯುತ್ತಿದ್ದೇವೆ. ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ, ನಾಯಿ ಕರೆದೊಯ್ಯಬೇಡಿ, ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ, ಯಾರಾದರೂ ಎದುರಾದರೆ ಈ ಕಡೆಯಿಂದ ಹತ್ತಬಹುದೇ ಎಂದು ವಿನಯದಿಂದ ಕೇಳಿ. ತೊರೆಯ ಸ್ಥಿತಿಯನ್ನೂ ಹವೆಯನ್ನೂ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹೋಗುವ ದಾರಿ, ಹಿಂದಿರುಗುವ ಹೊತ್ತು ಎರಡನ್ನೂ ಗಾಲ್ವೆಯಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಬನ್ನಿ. ಅವಘಡವಾದರೆ 112 ಅಥವಾ 999ಕ್ಕೆ ಕರೆಮಾಡಿ ಮೌಂಟನ್ ರೆಸ್ಕ್ಯೂ ಬೇಕೆಂದು ಕೇಳಬೇಕು. ಬರುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಮಳೆಯಲ್ಲಿ ನಿಮ್ಮನ್ನು ಹುಡುಕುತ್ತ ಹತ್ತುತ್ತಾರೆ. ಅವರು ತಲುಪಲು ಗಂಟೆಗಳೇ ಹಿಡಿಯಬಹುದು, ಅಲ್ಲಿಯವರೆಗೆ ಬೆಚ್ಚಗಿರುವ ಹೊಣೆ ನಿಮ್ಮದು. ಮೂವರಿಗೂ ಒಳಗೆ ತೂರಿಕೊಳ್ಳುವಂಥ ತುರ್ತು ಚೀಲ ಅಗ್ಗಕ್ಕೇ ಸಿಗುತ್ತದೆ, ತೂಕವೂ ಇಲ್ಲ. ಸಿಗ್ನಲ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ರಾತ್ರಿಯಾದರೆ ಟಾರ್ಚಿನಿಂದಲೂ ಹೀಗೆಯೇ.

ಡೂಲಾಕ್ ಬದಿಯ ರಸ್ತೆಯನ್ನು ಮಾತ್ರ ಬಿಡಬೇಡಿ, ಬೆಟ್ಟ ಹತ್ತದಿದ್ದರೂ ಆ ಕಣಿವೆಯಲ್ಲಿ ಒಮ್ಮೆ ಹೋಗಿಬನ್ನಿ. 1849ರ ಮಾರ್ಚ್ ಕೊನೆಯಲ್ಲಿ, ಮಹಾಕ್ಷಾಮದ ನಡುವೆ, ಪರಿಹಾರ ಬೇಡಿ ಲೂಯಿಸ್‌ಬರ್ಗ್‌ಗೆ ಬಂದ ಹಸಿದ ಜನರನ್ನು ಅಧಿಕಾರಿಗಳು ಮರುದಿನ ಬೆಳಿಗ್ಗೆ ಈ ಕಣಿವೆಯ ಡೆಲ್ಫಿ ಎಂಬಲ್ಲಿನ ಬಂಗಲೆಗೆ ಹಾಜರಾಗಬೇಕೆಂದು ಕಳುಹಿಸಿದರು. ರಾತ್ರಿಯಿಡೀ ನಡೆದುಹೋದವರಿಗೆ ಅಲ್ಲಿ ಏನೂ ಸಿಗಲಿಲ್ಲ. ಚಳಿಯಲ್ಲಿ ಹಿಂದಿರುಗುವಾಗ ಇದೇ ಸರೋವರದ ದಂಡೆಯಲ್ಲಿ ಹಲವರು ಸತ್ತರು. ಅವರ ನೆನಪಿನ ಕಲ್ಲಿನ ಮೇಲೆ, ಸಹಜೀವಿಗಳನ್ನು ಅವಮಾನಿಸುವುದರಲ್ಲಿ ಮನುಷ್ಯರು ಹೇಗೆ ಗೌರವ ಕಾಣುತ್ತಾರೋ ಎಂಬರ್ಥದ ಮಹಾತ್ಮ ಗಾಂಧಿಯವರ ಮಾತನ್ನು ಕೆತ್ತಿದ್ದಾರೆ. ಬೆನ್‌ಲಗ್‌ಮೋರ್‌ನ ಗೋಡೆ ಮೇಲಿನಿಂದ ಬಾಗಿ ನೋಡುತ್ತಿರುವಂಥ ಆ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದು ಓದಬೇಕಾದ ಮಾತು ಅದು.

ಕೊನೆಯದಾಗಿ ನಿಮ್ಮ ವಾರಾಂತ್ಯಕ್ಕೆ ನನ್ನ ಸಲಹೆ. ಹೊರಡುವ ಹಿಂದಿನ ಸಂಜೆ ಮೆಟ್ ಏರನ್ ಹವಾಮಾನ ಸಂಸ್ಥೆಯ ಮುನ್ಸೂಚನೆ ನೋಡಿ. ಮೋಡ ಶಿಖರಕ್ಕಿಂತ ಮೇಲಿರುತ್ತದೆ, ಗಾಳಿ ಜೋರಿಲ್ಲ ಎಂದಿದ್ದರೆ ಬೆಳಿಗ್ಗೆ ಎಂಟಕ್ಕೆಲ್ಲ ಪಶ್ಚಿಮದ ದಾರಿಯಲ್ಲಿ ನಡೆಯತೊಡಗಿ. ಹಾಗಿಲ್ಲದಿದ್ದರೆ ಕಿಲ್ಲರಿಯ ದಕ್ಷಿಣದ ದಡದಲ್ಲಿ, ರಾಸ್‌ರೋ ಬಂದರಿನಿಂದ ಒಳಕ್ಕೆ ಸಾಗುವ ಹಳೆಯ ಹಸಿರು ರಸ್ತೆಯಲ್ಲಿ ನಡೆಯಿರಿ. ಕ್ಷಾಮದ ಕಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಜನರಿಂದ ಮಾಡಿಸಿದ ರಸ್ತೆ ಅದು. ಅಲ್ಲಿಂದ ಇಡೀ ಮ್ವೀಲ್‌ರೇ ನೀರಿನ ಆಚೆ ಎದುರಿಗೇ ನಿಂತಿರುತ್ತದೆ. ಬೆಟ್ಟದ ಏಣು, ತಗ್ಗು, ಇಳಿಜಾರುಗಳನ್ನು ನಕ್ಷೆಯೊಡನೆ ಹೋಲಿಸಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ರ‍್ಯಾಂಪನ್ನು ಏಪ್ರಿಲ್‌ನಿಂದ ಜೂನ್‌ವರೆಗಿನ ತಿಂಗಳುಗಳಿಗೆ ಇಟ್ಟುಕೊಳ್ಳಿ. ಈ ಕಡೆ ಮಳೆ ತುಸು ಕಡಿಮೆಯಿರುವ ಕಾಲ ಅದು. ಮೊದಲ ಸಲಕ್ಕೆ ಮೌಂಟೇನಿಯರಿಂಗ್ ಐರ್ಲೆಂಡ್‌ಗೆ ಸೇರಿದ ಯಾವುದಾದರೂ ಚಾರಣ ಸಂಘದ ಜೊತೆಗೋ, ತರಬೇತಿ ಪಡೆದ ಮಾರ್ಗದರ್ಶಕರ ಜೊತೆಗೋ ಹೋಗಿ. ಪಟ್ಟಿಯ ಮೇಲಿನ ಬಾಯಿ ತಲುಪಿದ ಕೂಡಲೇ ಹಿಂದಿರುಗಿ ನಿಂತು, ಅದು ಆ ಕಡೆಯಿಂದ ಹೇಗೆ ಕಾಣುತ್ತದೆಂದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.